ವೋಲ್ಟೇಜಿನ ಉದ್ದ ನೋಡಿದವರು

ಡಿಸೆಂಬರ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ವನಗೂರಿನಲ್ಲಿ ನಮ್ಮ ಪಕ್ಕದ ತೋಟದಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಮನೆಯಲ್ಲಿ ಮೂವರಿದ್ದೆವು: ತೋಟದ ಒಡತಿ, ಅವರ ಆಳು ಮಂಜ, ಶಾಲಾ ಮೇಷ್ಟ್ರಾದ ನಾನು. ಹಿಂದಿನ ಸಂಜೆ ಕರೆಂಟ್ ಕೈಕೊಟ್ಟು ಕಾಫಿ ಹಣ್ಣು ಹಾಗೇ ಉಳಿದಿತ್ತು. ಅಂದೇ ಸಿಪ್ಪೆ ಬಿಡಿಸದಿದ್ದರೆ ಅಷ್ಟೂ ಹುಳಿಯುತ್ತಿತ್ತು. ಇನ್ನೂರಕ್ಕಿಂತ ಕಡಿಮೆ ವೋಲ್ಟೇಜಿನಲ್ಲಿ ಓಡಿಸಿದರೆ ಮೋಟಾರ್ ಸುಡುತ್ತಿತ್ತು.

"ಅಮ್ಮಾ, ಇನ್ನೂರ ಮೂವತ್ತು ಐತೆ! ಹಾಕ್ಬುಡ್ಲಾ?" ಎಂದ ಮಂಜ.

"ಎತ್ತರ ಬೇಡ ಮಾರಾಯ, ಉದ್ದ ಬೇಕು. ಎಷ್ಟು ಹೊತ್ತು ನಿಲ್ತದೆ?"

ಚರ್ಚಿನಲ್ಲಿ ಹಾಡು ಕಲಿಸುವಾಗ ಹಾಡುಗಾರರಿಗೂ ಅವರು ಇದನ್ನೇ ಹೇಳುತ್ತಿದ್ದರು: ಸ್ವರ ಎತ್ತರ ಹೋದರೆ ಸಾಲದು, ಉದ್ದ ನಿಲ್ಲಬೇಕು.

ಹಿಂದಿನ ದಿನ ಅವರು ಕಾಲು ಗಂಟೆಗೊಮ್ಮೆ ವೋಲ್ಟೇಜ್ ಬರೆದಿಟ್ಟಿದ್ದರು. ಈಗ ಇನ್ನೂರು ದಾಟಿದ ಪ್ರತಿ ಸಂಖ್ಯೆಗೂ ಮೇಜಿನ ಮೇಲೆ ಒಂದು ಹಣ್ಣು ಇಟ್ಟರು. ಕಡಿಮೆಯ ಸಂಖ್ಯೆ ಬಂದೊಡನೆ ಕೆಳಗೆ ಹೊಸ ಸಾಲು ಹಿಡಿದರು. ಹನ್ನೊಂದು ಗಂಟೆಯ ಸಾಲಿನಲ್ಲಿ ಎರಡೇ ಹಣ್ಣು, ಅಂದರೆ ಬರೀ ಅರ್ಧ ಗಂಟೆ. ಮೂರು ಗಂಟೆಗೆ ಶುರುವಾದ ಸಾಲು ಮೇಜಿನ ಅಂಚು ಮುಟ್ಟಿತು.

"ಮೂರರ ತಂಕ ಕಾಯದಾ? ಈಗ್ಲೇ ವಾಸ್ನೆ ಬತ್ತಾ ಐತೆ ಕಣಮ್ಮಾ!"

"ಉಂಡು ಬಾ, ಹೋಗು."

ಮೂರಕ್ಕೆ ಮೋಟಾರ್ ಹಾಕಿದರು. ಅದು ಐದರವರೆಗೆ ಚೆನ್ನಾಗಿ ಓಡಿತು. ಕೆಲವೇ ಬುಟ್ಟಿ ಉಳಿದಿರುವಾಗ ಮೀಟರಿನ ಮುಳ್ಳು ಇನ್ನೂರರ ಕೆಳಗಿಳಿಯಿತು.

"ಐದೇ ನಿಮಿಷ, ಅಮ್ಮಾ!" ಎಂದು ಮಂಜ ಬೇಡಿದ.

ಅವರು ಸ್ವಿಚ್ ಆರಿಸಿ, ಬೆಲ್ಟ್ ಕಳಚಿ, ಪಲ್ಪರಿಗೆ ತಿರುಗಿಸುವ ಕೈಹಿಡಿ ಸಿಕ್ಕಿಸಿ ನನ್ನತ್ತ ತಿರುಗಿದರು. "ಬನ್ನಿ ಮೇಷ್ಟ್ರೇ, ನಿಮ್ಮ ತೋಳು ಎಷ್ಟು ಹೊತ್ತು ನಿಲ್ತದೆ ನೋಡುವಾ."

ತುಸು ಹೊತ್ತಿಗೇ ನನ್ನ ಕೈ ನಿಧಾನವಾಯಿತು.

"ಅಮ್ಮಾ, ಮೇಷ್ಟ್ರ ವೋಲ್ಟೇಜು ಇಳೀತೈತೆ!" ಎಂದು ನಗುತ್ತ ಮಂಜ ಕೈಹಿಡಿ ಕಸಿದುಕೊಂಡ.

ಕೊನೆಯ ಬುಟ್ಟಿ ಹುಳಿಯುವ ಮೊದಲೇ ಮುಗಿಯಿತು. ಪಲ್ಪರನ್ನು ಒಡತಿಯೇ ತೊಳೆದರು.