ನನ್ನ ಪುಸ್ತಕ ಕೇಳಿಕೊಂಡು ಬಂದಾಕಿ

"ಆ ಪಾಮನಕಲ್ಲೂರಾಕಿ ಬರ್ದ ಕಥಿ ಪುಸ್ತಕ ಐತೇನ್ರಿ?" ಎಂದು ಕೇಳುತ್ತ ಹೆಂಗಸೊಬ್ಬಳು ಸಿಂಧನೂರಿನ ಆ ಸಣ್ಣ ಪುಸ್ತಕದಂಗಡಿಗೆ ಬಂದಾಗ, ಅದೇ ಪುಸ್ತಕದ ಪ್ರತಿಗಳನ್ನು ನಾನು ಚೀಲಕ್ಕೆ ತುಂಬುತ್ತಿದ್ದೆ. ಬರೆದವಳು ನಾನೇ. ಬಟ್ಟೆ ಹೊಲಿಯುವ ಬಿಡುವಿನಲ್ಲಿ ನಮ್ಮೂರ ಆಡುಮಾತಿನಲ್ಲೇ ಬರೆದ ಕಥೆಗಳವು. ಭಾಷೆ ತಿದ್ದಿ ಕಳಿಸಿ ಎಂದು ಪ್ರಕಾಶಕರೊಬ್ಬರು ಹಿಂದಿರುಗಿಸಿದ್ದನ್ನು, ಅಂಗಡಿಯ ಖಾಜಾಸಾಬರು ಒಂದಕ್ಷರ ತಿದ್ದದೆ ತಾವೇ ಅಚ್ಚು ಹಾಕಿಸಿದ್ದರು. ತಿಂಗಳುಗಟ್ಟಲೆ ಕಾದರೂ ಕೇಳಿದವರು ನಾಲ್ಕೇ ಜನ. ಖಾಜಾಸಾಬರಿಗೇಕೆ ಭಾರವೆಂದು ವಾಪಸ್ ಒಯ್ಯಲು ಬಂದಿದ್ದೆ.

ಖಾಜಾಸಾಬರು ನಕ್ಕರು. "ಪುಸ್ತಕಾನೂ ಐತಿ, ಬರ್ದಾಕಿನೂ ನಿಮ್ಮ ಬಾಜೂಕ ನಿಂತಾಳ ನೋಡ್ರಿ."

ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು. ವಳಕಮದಿನ್ನಿಯವಳಂತೆ, ಭತ್ತ ನಾಟಿ ಮಾಡುವ ಹೆಂಗಸರ ಗುಂಪಿಗೆ ಮುಂದಾಳು. ಊರಿನ ಅಂಗನವಾಡಿ ಟೀಚರು ಕೊಂಡಿದ್ದ ಪ್ರತಿಯನ್ನು ಬುತ್ತಿ ಉಣ್ಣುವ ಹೊತ್ತಿಗೆ ದಿನವೂ ಓದಿಸಿ ಕೇಳಿ, ಅದರ ಹಾಳೆಗಳೇ ಕಿತ್ತುಬಂದಿದ್ದವಂತೆ.

"ನಮ್ಮ ಮಾತು ಪುಸ್ತಕದಾಗ ಬರ್ತಾವಂತ ಗೊತ್ತಿದ್ದಿಲ್ಲ ಬೇ. ಇನ್ನೊಂದು ಯಾವಾಗ ಬರೀತಿ?"

ಖಾಜಾಸಾಬರು ನನ್ನ ಚೀಲ ಕಸಿದುಕೊಂಡು, ಪುಸ್ತಕಗಳನ್ನೆಲ್ಲ ಬಾಗಿಲೆದುರಿನ ಸಾಲಿನಲ್ಲಿ ಜೋಡಿಸಿಟ್ಟರು.

ಮರುವಾರ ಆಕೆ ನನ್ನನ್ನು ಗದ್ದೆಗೇ ಕರೆಸಿಕೊಂಡಳು. ಬದುವಿನ ಮೇಲೆ ನಿಂತು ಮೊದಲ ಕಥೆ ಓದತೊಡಗಿದೆ. ಅರ್ಧದಲ್ಲಿ ಹಾಳೆ ತಿರುವಲು ನಾನು ನಿಂತಾಗ, ಕೆಸರಿನಲ್ಲಿ ನಿಂತಿದ್ದ ಹೆಂಗಸರು ಮುಂದಿನ ಸಾಲುಗಳನ್ನು ಒಟ್ಟಿಗೆ ಹೇಳಿ ಕಥೆ ಮುಗಿಸಿದರು.