ಬಳೆ ತೊಡಿಸುವುದನ್ನು ಕಲಿಯಲು ಹೋಗಿದ್ದೆ

ತಂಗಿಯರೇ, ಇವತ್ತು ಮುಳಬಾಗಿಲಿನ ಬಳೆ ಅಂಗಡಿ ನಾಗರತ್ನಮ್ಮನ ಎದುರು ಕೂತು, ಅವಳ ವ್ಯಾಪಾರದ ಬಗ್ಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಬಂದೆ. ದೇವರಾಯಸಮುದ್ರದಲ್ಲಿ ನಾನೂ ಒಂದು ಬಳೆ ಅಂಗಡಿ ಇಡೋಣವೆಂದಿದ್ದೇನೆ. ಯಜಮಾನರು ಹೋದ ಮೇಲೆ ಮನೆಯಲ್ಲಿ ಮಾತಾಡುವುದು ರೇಡಿಯೋ ಒಂದೇ.

"ಮಾಲು ಎಲ್ಲಿಂದ ತರ್ತೀಯಮ್ಮಾ?" ಎಂದೆ.

"ಮಾಲು ಯಾರು ಬೇಕಾದ್ರೂ ತರ್ತಾರೆ ಕಣಕ್ಕಾ, ತೊಡ್ಸೋದು ಬರ್ಬೇಕು. ಮಾತಾಡಿಸ್ತಾ ಇದ್ರೆ ಕೈ ಸಡಿಲ ಆಗ್ತದೆ. ಸುಮ್ನಿದ್ರೆ ಬಿಗಿ ಹಿಡೀತಾರೆ, ಬಳೆ ಒಡೀತದೆ."

ಕೊನೆಗೆ ಅಳುಕುತ್ತಲೇ ಕೇಳಿದೆ: "ಗಂಡ ಇಲ್ಲದೋಳ ಕೈಲಿ ಬಳೆ ತೊಡಿಸ್ಕೊಳ್ತಾರಾ?"

"ಒಲ್ಲೆ ಅನ್ನೋರೂ ಇರ್ತಾರೆ. ಅಂಥೋರು ನನ್ ಹತ್ರಾನೇ ಬರ್ಲಿ ಬಿಡಿ. ಎಲ್ಲಿ, ಕೈ ಇತ್ತ ಕೊಡಿ, ತೋರಿಸ್ತೀನಿ."

ನನ್ನ ಬೆರಳುಗಳನ್ನು ಕೂಡಿಸಿ ಹಿಡಿದು ಮೆಲ್ಲಗೆ ಒತ್ತತೊಡಗಿದಳು. "ಇವತ್ತೇನು ಸಾರು ಮಾಡಿದ್ರಿ?" ಎಂದಳು. ಹೇಳಿದೆ. ನಿನ್ನೆಯದನ್ನೂ ಹೇಳಿದೆ. ಇಷ್ಟು ದಿನ ಯಾರೂ ಕೇಳಿರಲಿಲ್ಲ.

"ಅಕ್ಕಾ, ಗೊತ್ತಾಯ್ತಲ್ಲ, ಬಿಡ್ಲಾ? ಗಿರಾಕಿಗಳು ನಿಂತವ್ರೆ" ಎಂದಾಗ ತಿರುಗಿ ನೋಡಿದೆ. ಹಿಂದೆ ಹೆಂಗಸರು ಕಾಯುತ್ತಿದ್ದರು.

"ಸರಿಯಾಗಿ ತಿಳೀಲಿಲ್ಲ ಕಣೇ, ಇನ್ನೊಂದ್ಸಲ ತೋರ್ಸು" ಎಂದುಬಿಟ್ಟೆ.

ನಾನೇನು ಅಷ್ಟು ದಡ್ಡಿಯಲ್ಲ, ಅದು ನಿಮಗೇ ಗೊತ್ತು.