ಸಾರಾಗಿ ಹೋದ ಐಸಿಂಗ್

ಇಚಲಕರಂಜಿಗೆ ಬಂದ ಮೊದಲ ಬೆಳಿಗ್ಗೆ ನನ್ನ ಚಹಾ ನಡುಗಿತು. ಕೈ ನಡುಗಿತು ಅಂದುಕೊಳ್ಳಬೇಡಿ, ಚಹಾದ ಕಪ್ಪನ್ನು ನೆಲದ ಮೇಲೆ ಇಟ್ಟಿದ್ದೆ. ಯಾರೂ ಮುಟ್ಟದೆ ಅದರೊಳಗೆ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು. ಗೋಡೆಗೆ ತೂಗುಹಾಕಿದ ಸೌಟುಗಳು ಒಂದಕ್ಕೊಂದು ಬಡಿದುಕೊಂಡು ಜಗಳ ತೆಗೆದಿದ್ದವು. ನಾನು ಸೆರಗು ಸುತ್ತಿಕೊಂಡು ಅಂಗಳಕ್ಕೆ ಓಡಿದೆ.

"ಭೂಮಿ ನಡಗಾಕತ್ತೈತಿ! ಎಲ್ಲಾರೂ ಹೊರಗ ಬರ್ರೀ!"

ಯಾರೂ ಬರಲಿಲ್ಲ. ಮೇಲಿನ ಮಹಡಿಯ ಮಾಲಕಿ ವಿಮಲಾಬಾಯಿ ಮಾತ್ರ ಗ್ಯಾಲರಿಯಿಂದ ಬಗ್ಗಿ ನೋಡಿ, "ಅಹೋ ಆಜೀ, ಮಾಗ ಚಾಲೂ ಝಾಲೇತ!" ಎಂದು ನಕ್ಕರು. ಮಾಗ ಎಂದರೆ ಮಗ್ಗ. ನಮ್ಮ ಅಡುಗೆಮನೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ಪವರ್‌ಲೂಮಿನ ಶೆಡ್ಡು ಇದೆ. ಪಾಳಿ ಬದಲಾಗಿ ಯಂತ್ರ ಶುರುವಾದರೆ ನಮ್ಮ ಮನೆಯ ನೀರು, ಹಾಲು, ದೇವರ ದೀಪದ ಎಣ್ಣೆ ಎಲ್ಲ ನಡುಗುತ್ತವೆ. ಬಂದ ಮೊದಲ ದಿನವೇ ಇಡೀ ಓಣಿಗೆ ನಾನು ಭೂಕಂಪದ ಆಜಿ ಆದೆ.

ವಿಮಾನ ಹತ್ತಿದವರೇ ವಲಸೆಯ ಕಥೆ ಬರೆಯಬೇಕು ಎಂದೇನೂ ಕಾನೂನಿಲ್ಲ. ನಾನು ರಾಯಬಾಗ ಕಡೆಯ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದವಳು. ನನ್ನ ಮಗ ಇಲ್ಲಿ ಮಗ್ಗದ ಕೆಲಸಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಊರಿನ ಹೊಲ ಮೈದುನನ ಮಕ್ಕಳು ನೋಡಿಕೊಳ್ಳುತ್ತಾರೆ. ಹೋದ ಮಳೆಗಾಲದಲ್ಲಿ ಸೊಸೆ ಸವಿತಾ ಫೋನ್ ಮಾಡಿ, "ಅತ್ತಿ, ಮನ್ಯಾಗ ಕೆಲಸ ಭಾಳ ಆಗೈತಿ, ಕೈ ಸಾಲವಲ್ವು. ನೀವು ಬರ್ರಿ" ಎಂದಳು. ಅಡುಗೆಮನೆಯ ಆಳ್ವಿಕೆ ಸಿಕ್ಕಿತು ಎಂದು ಉಬ್ಬಿಕೊಂಡು ಬಂದೆ. ಬಂದು ನೋಡಿದರೆ ಸಿಂಹಾಸನದ ಮೇಲೆ ಒವನ್ ಕೂತಿತ್ತು.

ಸವಿತಾ ಶಿರೋಳ ಕಡೆಯವಳು. ಮರಾಠಿ, ಕನ್ನಡ ಎರಡೂ ಬಾಯಲ್ಲಿ ಒಟ್ಟಿಗೇ ಕುದಿಯುತ್ತವೆ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ, ನಾಲ್ಕು ದಿನ ಕ್ಲಾಸಿಗೂ ಹೋಗಿ, ಕುಕಿ ಮಾಡುವುದನ್ನು ಕಲಿತು ಮಾರುತ್ತಾಳೆ. ಕುಕಿ ಎಂದರೆ ನಮ್ಮ ಬಿಸ್ಕೀಟಿನ ದೊಡ್ಡಕ್ಕ ಎಂದು ತಿಳಿಯಿರಿ. ಮೈದಾ, ಬೆಣ್ಣೆ, ಸಕ್ಕರೆ ನಾದಿ, ಲಟ್ಟಿಸಿ, ಬೇಕಾದ ಆಕಾರದಲ್ಲಿ ಕತ್ತರಿಸಿ ಬೇಯಿಸುವುದು. ಹುಟ್ಟುಹಬ್ಬಕ್ಕೆ ಆನೆ, ಮದುವೆಗೆ ಬಾಸಿಂಗ, ಕ್ರಿಕೆಟ್ ಹುಚ್ಚರಿಗೆ ಬ್ಯಾಟು. ಅದರ ಮೇಲೆ ಬಳಿಯುವ ಗಾರೆಗೆ ರಾಯಲ್ ಐಸಿಂಗ್ ಎನ್ನುತ್ತಾರೆ. ನುಣ್ಣನೆ ಸಕ್ಕರೆ ಪುಡಿಯನ್ನು ಮೊಟ್ಟೆಯ ಬಿಳಿಯಲ್ಲಿ ಕಡೆದರೆ ಅದು ಗಟ್ಟಿ ನೊರೆಯಾಗುತ್ತದೆ, ಒಣಗಿದರೆ ಗಾಜಿನ ಹಾಗೆ ಆಗುತ್ತದೆ. ನಮ್ಮದು ಲಿಂಗ ಕಟ್ಟಿದ ಮನೆ, ತತ್ತಿ ಒಳಗೆ ಬರುವ ಹಾಗಿಲ್ಲ. ಅದಕ್ಕೆ ಸವಿತಾ ಕಾಬೂಲಿ ಕಡಲೆ ಕುದಿಸಿದ ನೀರನ್ನು ಇಂಗಿಸಿ, ಮೊಟ್ಟೆಯ ಬದಲಿಗೆ ಅದನ್ನೇ ಕಡೆಯುತ್ತಾಳೆ. ಇದು ನನಗೆ ಆಮೇಲೆ ತಿಳಿದದ್ದು. ಮೊದಲೇ ಯಾರಾದರೂ ಹೇಳಿದ್ದರೆ ಈ ಕಥೆ ಇರುತ್ತಿರಲಿಲ್ಲ.

ನನಗೆ ಕೊಟ್ಟ ಕೆಲಸ ಸಕ್ಕರೆ ಪುಡಿ ಜರಡಿ ಹಿಡಿಯುವುದು. ಐಸಿಂಗ್ ತುಂಬಿ, ಮದರಂಗಿಯ ಹಾಗೆ ಹಿಂಡಿ ಗೆರೆ ಎಳೆಯುವ ಕೋನ್ ಅವಳ ಕೈಯಲ್ಲೇ. "ಐಸಿಂಗ್ ಕೋನ್ ನನಗೂ ಕೊಡವಾ" ಎಂದರೆ, "ಬ್ಯಾಡ್ರಿ ಅತ್ತಿ, ನಿಮ್ಮ ಕೈ ನಡಗತೈತಿ" ಎನ್ನುವಳು.

ಇರಲಿ, ಕೈ ನಡುಗುತ್ತದೆ. ನನ್ನ ಸಂಕಟ ಬೇರೆ. ಊರಲ್ಲಿ ನನ್ನ ಮಾತು ನಡೆಯುತ್ತಿತ್ತು. ಹೋಳಿಗೆಗೆ ಬೆಲ್ಲ ಎಷ್ಟು, ಬಾಣಂತಿಗೆ ಅಂಟಿನುಂಡೆ ಯಾವಾಗ, ಎಲ್ಲ ನನ್ನನ್ನು ಕೇಳಿಯೇ ಆಗಬೇಕು. "ಮೆಂತೆಪಲ್ಲೆ ಎರಡು ಸೂಡು ತೆಗೆದಿಡು, ಬರತೇನಿ" ಎಂದು ಸಂತೆಯಲ್ಲಿ ಹೇಳಿ ಹೋದರೆ ಕತ್ತಲಾದರೂ ಆ ಸೊಪ್ಪಿನ ಸೂಡು ನನ್ನ ಹೆಸರಿನಲ್ಲಿ ಕೂತಿರುತ್ತಿತ್ತು. ಇಲ್ಲಿ ಬಾಜಾರಿನಲ್ಲಿ ಅದೇ ಮಾತು ಹೇಳಿ ಒಂದು ಸುತ್ತು ಹಾಕಿ ಬಂದರೆ ಪಲ್ಲೆಯವಳು ಮಾರಿ ಮುಗಿಸಿದ್ದಳು. ಕೇಳಿದರೆ, "ಆಜೀ, ಬಾಜೂಲಾ ವ್ಹಾ" ಎಂದಳು. ಪಕ್ಕಕ್ಕೆ ಸರಿಯಿರಿ ಎಂದರ್ಥ. ಆ ದಿನ ಮನೆಗೆ ಬಂದು ಜರಡಿ ಹಿಡಿಯುತ್ತಾ ಸ್ವಲ್ಪ ಅತ್ತೆ. ಸಕ್ಕರೆ ಪುಡಿ ಗಂಟುಗಟ್ಟಿತು ಎಂದು ಸವಿತಾ ಬೈದಳು.

ಹೀಗಿದ್ದಾಗ ಸಂಕ್ರಾಂತಿ ಬಂತು. ಊರಲ್ಲಿ ಮಾಡುವ ಹಾಗೆ ನಾನು ಕುಸುರೆಳ್ಳು ಮಾಡಿದೆ. ಎಳ್ಳಿನ ಮೇಲೆ ಸಕ್ಕರೆ ಪಾಕ ಹನಿ ಹನಿ ಬಿಟ್ಟು, ಸಣ್ಣ ಉರಿಯ ಮೇಲೆ ಬೆರಳಿನಿಂದ ಆಡಿಸುತ್ತಾ ಹೋದರೆ ನಾಲ್ಕು ದಿನಕ್ಕೆ ಅದಕ್ಕೆ ಬಿಳಿ ಮುಳ್ಳು ಏಳುತ್ತವೆ. ಒಂದು ಡಬ್ಬಿ ಆಯಿತು. ಒಣಗಿಸಲು ಮಾಳಿಗೆಗೆ ಹೋದರೆ ವಿಮಲಾಬಾಯಿ ಫೋನಿನಲ್ಲಿ ಯಾರಿಗೋ ಗೋಳು ಹೇಳುತ್ತಿದ್ದರು. ಮೊಮ್ಮಗನಿಗೆ ನಾಡಿದ್ದು ಬೋರನ್ಹಾಣ. ಅಂದರೆ ನಮ್ಮ ಕರಿ ಎರೆಯುವುದು. ಕೂಸಿಗೆ ಕರಿ ಅಂಗಿ ಹಾಕಿ, ತಲೆಯ ಮೇಲೆ ಬೋರೆಹಣ್ಣು, ಕಬ್ಬಿನ ಚೂರು, ಚುರುಮುರಿ ಸುರಿಯುವುದು. ನಮ್ಮಲ್ಲಿ ಅದು ಸಂಕ್ರಾಂತಿಯ ಮರುದಿನ, ಕರಿಯ ದಿನವೇ ಆಗಬೇಕು. ಇಲ್ಲಿ ರಥಸಪ್ತಮಿಯವರೆಗೆ ಯಾವತ್ತಾದರೂ ನಡೆಯುತ್ತದೆ. ಬಂದ ಮಕ್ಕಳಿಗೆ ಗಾಳಿಪಟದ, ಕರಿ ಅಂಗಿಯ ಆಕಾರದ ನಲವತ್ತು ಕುಕಿ ಹಂಚಬೇಕು ಎಂದು ಅವರ ಆಸೆ. ಆದರೆ ಅವರ ಅತ್ತೆ ತುಳಸಿಮಾಲೆ ಹಾಕಿದವರು, ಮೊಟ್ಟೆ ಮುಟ್ಟಿದ ಪಾತ್ರೆಯನ್ನೂ ಹೊಸ್ತಿಲು ದಾಟಿಸುವವರಲ್ಲ. ಅಂಗಡಿಯವರ ಮೇಲೆ ಅವರಿಗೆ ನಂಬಿಕೆಯಿಲ್ಲ.

ನನ್ನ ನಾಲಿಗೆ ತುರಿಸಿತು. "ಆಮ್ಹೀ ಕರತೋ. ಅಂಡ ನಾಹೀ. ಮಾಝಾ ಶಬ್ದ" ಎಂದುಬಿಟ್ಟೆ. ನಾವು ಮಾಡುತ್ತೇವೆ, ಮೊಟ್ಟೆ ಇಲ್ಲ, ನನ್ನ ಮಾತು. ತುಳಸಿಮಾಲೆಯ ಅಜ್ಜಿ ಬಿಸಿಲಿಗೆ ಬೆನ್ನು ಕೊಟ್ಟು ಅಲ್ಲಿಯೇ ಕೂತಿದ್ದರು. ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಶಬ್ದ ದಿಲಾಸ, ಹಂ!" ಎಂದರು. ಮಾತು ಕೊಟ್ಟಿದ್ದೀಯ, ನೆನಪಿರಲಿ. ಈ ಊರಲ್ಲಿ ನನ್ನ ಮಾತನ್ನು ಎತ್ತಿಟ್ಟುಕೊಂಡ ಮೊದಲ ಮನುಷ್ಯಳು ಅವರು.

ಕೆಳಗೆ ಬಂದು ಹೇಳಿದರೆ ಸವಿತಾಳ ಮುಖ ಕೆಂಪಾಯಿತು. "ನಲವತ್ತ ಕುಕಿ? ನಾಡಿದ್ದಿಗೆ? ನನ್ನ ಒಂದ ಮಾತ ಕೇಳಬಾರದೇನ್ರಿ ಅತ್ತಿ?"

"ಕೇಳಿದ್ರ ನೀ ಒಲ್ಲೆ ಅಂತಿದ್ದಿ."

ಬೈದುಕೊಳ್ಳುತ್ತಲೇ ಕಡಲೆ ನೆನೆಹಾಕಿದಳು. ಮರುದಿನ ಮುಂಜಾನೆ ಕುದಿಸಿ, ನೀರನ್ನು ಅರ್ಧಕ್ಕೆ ಇಂಗಿಸಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಳು. ಕುಕಿ ಬೇಯಿಸಿ ಆರಲು ಹರಡಿ, ಬಣ್ಣ ತರಲು ಪೇಟೆಗೆ ಹೋದಳು.

ನಾನು ಮಧ್ಯಾಹ್ನದ ಅಡುಗೆಗೆ ಫ್ರಿಜ್ಜು ತೆರೆದೆ. ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಚಿನ್ನದ ಬಣ್ಣದ ಮಂದ ಕಟ್ಟು! ಕಾಳು ಬೇಯಿಸಿದ ನೀರಿಗೆ ನಾವು ಕಟ್ಟು ಎನ್ನುತ್ತೇವೆ. ಹೋಳಿಗೆಯ ಹಬ್ಬಕ್ಕೆ ಅದರದೇ ಸಾರು. ಕಟ್ಟು ಚೆಲ್ಲುವ ಹೆಂಗಸಿನ ಮನೆಗೆ ನಮ್ಮ ಊರಲ್ಲಿ ಹೆಣ್ಣು ಕೊಡುವವರೂ ಇಲ್ಲ, ಅವಳ ಮನೆಯ ಹೆಣ್ಣು ತರುವವರೂ ಇಲ್ಲ. ಈ ಹುಡುಗಿಗೂ ಇಷ್ಟು ಬುದ್ಧಿ ಇದೆಯಲ್ಲ ಎಂದು ನನಗೆ ಸೊಸೆಯ ಮೇಲೆ ಪ್ರೀತಿ ಉಕ್ಕಿತು. ಬಳ್ಳೊಳ್ಳಿ, ಕೊಬ್ಬರಿ, ಜೀರಿಗೆ ಜಜ್ಜಿ, ಹುಣಸೆ ಹಿಂಡಿ, ಕರಿಬೇವಿನ ಒಗ್ಗರಣೆ ಕೊಟ್ಟೆ. ಓಣಿ ಘಮ್ಮೆಂದಿತು.

ಊಟಕ್ಕೆ ಕೂತಾಗ ಸವಿತಾ ಎರಡು ವಾಟಿ ಕುಡಿದಳು. "ಅತ್ತಿ, ಸಾರು ಭಾಳ ಚಲೋ ಆಗೈತ್ರಿ. ಇಂಥಾದ್ದು ನನಗ ಬರೂದಿಲ್ಲ ನೋಡ್ರಿ." ಕೈ ತೊಳೆದು ಫ್ರಿಜ್ಜು ತೆಗೆದಳು.

"ಅತ್ತಿ, ಇಲ್ಲೊಂದ ಸ್ಟೀಲ್ ಡಬ್ಬಿ ಇತ್ತಲ್ರಿ?"

"ಹೂಂ, ತೊಳದ ಬೋರಲ ಹಾಕೇನಿ."

"ಅದರಾಗಿಂದು?"

"ಈಗ ಕುಡದ್ಯಲ್ಲವಾ, ಎರಡ ವಾಟಿ!"

ಅವಳು ಒವನಿನ ಮುಂದೆ ನೆಲಕ್ಕೆ ಕೂತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಆಗಲೇ ನನಗೆ ಆ ನೀರು ಯಾತಕ್ಕೆ ಎಂದು ಗೊತ್ತಾದದ್ದು. ಕಡಲೆ ಮತ್ತೆ ನೆನೆಯಲು ಒಂದು ರಾತ್ರಿ, ಐಸಿಂಗ್ ಒಣಗಲು ಇನ್ನೊಂದು ರಾತ್ರಿ. ನಮ್ಮ ಕೈಯಲ್ಲಿ ಇದ್ದದ್ದು ಒಂದೇ.

ಸವಿತಾ ಎದ್ದು ಗೋಡೆಯ ಮೇಲಿನ ಗೂಡಿನಿಂದ ಒಂದು ಪೊಟ್ಟಣ ಇಳಿಸಿದಳು. "ಕ್ಲಾಸಿಗೆ ಹೋದಾಗ ಕೊಟ್ಟಿದ್ರು. ಒಡದಿಲ್ಲ. ನೀರು, ಸಕ್ಕರಿ ಹಾಕಿದ್ರ ಸಾಕು, ಐಸಿಂಗ್ ಆಗತೈತಿ. ಆದ್ರ ಇದು ತತ್ತಿ ಪುಡಿರಿ." ನನ್ನ ಮುಖ ನೋಡದೆ ಹೇಳಿದಳು, "ಯಾರಿಗೂ ಗೊತ್ತಾಗೂದಿಲ್ಲ."

ಆ ಪುಡಿ ಹಾಲಿನಷ್ಟು ಬೆಳ್ಳಗಿತ್ತು. ಒಂದು ಕ್ಷಣ ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಊರಲ್ಲಿ ನನ್ನ ಒಂದು ಮಾತು ತಪ್ಪಿದರೆ ಉಳಿದ ಸಾವಿರ ಮಾತು ನನ್ನ ಪರ ನಿಲ್ಲುತ್ತವೆ. ಇಲ್ಲಿ ನಾನು ಕೊಟ್ಟದ್ದೇ ಒಂದು.

"ಮ್ಯಾಲ ಇಡವಾ ಅದನ್ನ," ಎಂದೆ. "ಮ್ಯಾಲಿನ ಮನಿ ಮುದುಕಿ ನನ್ನ ಮಾತಿನ ಮ್ಯಾಲ ತಿನ್ನಾಕಿ, ಪುಡಿ ಮ್ಯಾಲ ಅಲ್ಲ. ಕಡ್ಲಿಬ್ಯಾಳಿ ಐತಿಲ್ಲ? ಅದಕ್ಕ ರಾತ್ರಿ ನೆನಿಯೂದು ಬೇಕಾಗಿಲ್ಲ."

"ಬ್ಯಾಳಿ ನೀರು ನೊರಿ ಬರತೈತೇನ್ರಿ?"

"ಹೋಳಿಗಿ ಮಾಡೂಮುಂದ ಒಲಿ ತುಂಬ ಉಕ್ಕತೈತಲ್ಲ, ಅದೇನು? ಐವತ್ತ ವರ್ಷ ಆ ನೊರಿ ಒರಸೇನಿ. ನನಗ ಕೇಳ್ತಾಳ!"

ಬೇಳೆ ಒಲೆಗೇರಿತು. ಕುದಿ ಬರುತ್ತಲೇ ನನ್ನ ಕೈ ತಾನಾಗಿ ಎಣ್ಣೆಯ ಬಾಟಲಿಗೆ ಹೋಯಿತು. ಉಕ್ಕಬಾರದೆಂದು ಬೇಳೆಗೆ ಒಂದು ಹನಿ ಎಣ್ಣೆ ಬಿಡುವುದು ನಮ್ಮ ಅವ್ವನ ಕಾಲದ ಚಾಳಿ. ಸವಿತಾ ಹಾರಿಬಂದು ಮಣಿಕಟ್ಟು ಹಿಡಿದಳು. "ಎಣ್ಣಿ ಬಿದ್ರ ನೊರಿ ಏಳೂದೇ ಇಲ್ರಿ ಅತ್ತಿ! ಅರಿಶಿಣಾನೂ ಬ್ಯಾಡ, ಉಪ್ಪೂ ಬ್ಯಾಡ. ಕೈ ಹಿಂದ ಕಟ್ಟಿಕೊಂಡು ನಿಂದರ್ರಿ!" ನಿಂತೆ. ಆದರೆ ನೀರು ಎಷ್ಟು ಇಂಗಬೇಕು ಎಂದು ಹೇಳಿದವಳು ನಾನು. ಹೆಬ್ಬೆರಳು, ತೋರುಬೆರಳ ನಡುವೆ ಪಾಕ ನೋಡುವ ಹಾಗೆ ನೋಡಿ, "ಇನ್ನ ಸಾಕು" ಎಂದೆ. ಸವಿತಾ ಅದನ್ನು ಆರಿಸಿ ಯಂತ್ರದಿಂದ ಕಡೆದಳು. ಮೊದಲು ಏನೂ ಇಲ್ಲ, ಬರೀ ಬೇಳೆ ನೀರು. ಆಮೇಲೆ ನಿಧಾನಕ್ಕೆ ಬಟ್ಟಲು ತುಂಬ ನೊರೆ ಎದ್ದು, ಸಕ್ಕರೆ ಬಿದ್ದ ಹಾಗೆ ಗಟ್ಟಿಯಾಯಿತು.

ಒಂದೇ ಕೊರತೆ. ಅದು ಬೆಳ್ಳಗಿರಲಿಲ್ಲ, ನಸು ಹಳದಿ ಬೆಣ್ಣೆಯ ಬಣ್ಣ. ಕರಿ, ಹಸಿರು, ಕೆಂಪು ಬಣ್ಣಕ್ಕೆ ತೊಂದರೆಯಿಲ್ಲ. ಆದರೆ ಕೂಸಿನ ಕರಿ ಅಂಗಿಯ ಆಕಾರದ ಕುಕಿಯ ಮೇಲೆ ಬಿಳಿ ಚುಕ್ಕೆಯ ಒಡವೆ ಬೇಕಿತ್ತು. ನಾನು ಕುಸುರೆಳ್ಳಿನ ಡಬ್ಬಿ ತಂದು ಮುಂದಿಟ್ಟೆ. ಸವಿತಾ ನನ್ನನ್ನು ನೋಡಿದಳು, ಡಬ್ಬಿ ನೋಡಿದಳು. "ಅತ್ತಿ, ಕೂಡ್ರಿ ಇಲ್ಲಿ" ಎಂದು ಮಣೆ ಸರಿಸಿದಳು.

ಅವಳು ಅಂಚು ಕಟ್ಟಿ ಒಳಗೆ ತೆಳು ಐಸಿಂಗ್ ತುಂಬುವಳು. ಹಾಗೆ ತುಂಬಿದ ಮೇಲೆ ಗುಳ್ಳೆ ಹೋಗಲು ಒಂದೊಂದು ಕುಕಿಯನ್ನೂ ಕೈಯಲ್ಲಿ ಅಲುಗಾಡಿಸಬೇಕಂತೆ. ನಮಗೆ ಬೇಕಾಗಲಿಲ್ಲ. ತಟ್ಟೆಗಳನ್ನು ಹಿಂದಿನ ಗೋಡೆಯ ಹಲಗೆಯ ಮೇಲೆ ಇಟ್ಟರೆ ಪಕ್ಕದ ಮಗ್ಗಗಳೇ ಖಟಖಟ ಎಂದು ಅಲುಗಿಸಿ ಕನ್ನಡಿಯ ಹಾಗೆ ಸಮ ಮಾಡಿದವು. ಇಂಥ ಉಪಕಾರ ಯಾವ ದೇಶದ ಕುಕಿಗೂ ಸಿಕ್ಕಿರಲಾರದು. ಅಂಗಿಯ ಮೇಲೆ ನಾನು ಒಂದೊಂದೇ ಕುಸುರೆಳ್ಳು ಒತ್ತಿ ಸರ, ಬಾಜುಬಂದ ಮಾಡಿದೆ.

ಗಾಳಿಪಟಗಳು ಗಟ್ಟಿಯಾದಾಗ ಸವಿತಾ ತಾನಾಗಿಯೇ ಕೋನ್ ನನ್ನ ಕೈಗೆ ಕೊಟ್ಟಳು. ಉದ್ದ ಗೆರೆ ಎಳೆದೆ, ಹಾವು ಹರಿದ ಹಾಗೆ ಆಯಿತು. ಕೈಗೆ ಉದ್ದ ದಾರಿ ಆಗದು. ಆದರೆ ಈ ಕೈ ಎಷ್ಟು ಕೌದಿ ಹೊಲಿದಿಲ್ಲ! ಕೌದಿಯ ಹೊಲಿಗೆ ಒಂದು ಅಕ್ಕಿಕಾಳಿನಷ್ಟು ಉದ್ದ, ಒಂದು ಅಕ್ಕಿಕಾಳಿನಷ್ಟು ಬಿಡುವು. ಹಾಗೆ ಬಿಟ್ಟು ಬಿಟ್ಟು ಎಳೆದೆ. ನಡುಕ ಬರುವುದರೊಳಗೆ ಗೆರೆ ಮುಗಿದಿರುತ್ತದೆ. ಬಣ್ಣದ ತುಂಡು ಕೂಡಿಸಿ ಹೊಲಿದ ಕೌದಿಯ ಹಾಗೆ ಗಾಳಿಪಟಗಳು ಕಂಡವು. ಮೊಮ್ಮಗಳು ಪೂರ್ವಾ, ನನಗೆ ಫೋನಿನಲ್ಲಿ ಟೈಪ್ ಮಾಡಲು ಕಲಿಸಿದ ಗುರು ಅವಳೇ, ಫೋಟೋ ತೆಗೆದು, "ಅಜ್ಜಿ, ಇದು ಯಾವ ವಿಡಿಯೋದಾಗೂ ಇಲ್ಲ" ಎಂದಳು. ಇರಲಿಕ್ಕೆ ಹೇಗೆ ಸಾಧ್ಯ?

ಮರುದಿನ ಸಂಜೆ ಮೇಲೆ ಹೋದೆವು. ಕೂಸು ಕರಿ ಅಂಗಿಯಲ್ಲಿ ಕಾಗೆಮರಿಯ ಹಾಗೆ ಕೂತಿತ್ತು. ತುಳಸಿಮಾಲೆಯ ಅಜ್ಜಿ ಒಂದು ಕುಕಿ ಎತ್ತಿ ಹಿಂದೆಮುಂದೆ ತಿರುಗಿಸಿ, ಮೂಸಿ, ನನ್ನನ್ನೇ ನೋಡಿ ಕೇಳಿದರು, "ಅಂಡ?"

"ನಾಹೀ."

"ಮಗ ಕಾಯ ಆಹೇ?" ಮತ್ತೆ ಏನಿದೆ?

ನನ್ನ ಮರಾಠಿ ಅಷ್ಟು ದೂರ ಹೋಗುವುದಿಲ್ಲ. ಸವಿತಾ ಮುಂದೆ ಬಂದು ಎಲ್ಲ ಹೇಳಿದಳು. ಡಬ್ಬಿ, ಸಾರು, ಎರಡು ವಾಟಿ, ಪುಡಿಯ ಪೊಟ್ಟಣ, ಎಲ್ಲ! ಹೆಂಗಸರು ಬಿದ್ದು ಬಿದ್ದು ನಕ್ಕರು. ಅಜ್ಜಿ ನಗಲಿಲ್ಲ. ಕುಕಿ ಮುರಿದು ಬಾಯಿಗೆ ಹಾಕಿಕೊಂಡು, ಹಲ್ಲಿಲ್ಲದ ಕಡೆಯಿಂದ ಹಲ್ಲಿರುವ ಕಡೆಗೆ ಸರಿಸಿ, ನುಂಗಿದರು. ಆಮೇಲೆ ಬೋರೆಹಣ್ಣು ತುಂಬಿದ ಸೇರನ್ನು ನನ್ನ ಕೈಗೆ ಕೊಟ್ಟು, "ಆಧೀ ತೂ ಓತ" ಎಂದರು. ಮೊದಲು ನೀನು ಸುರಿ. ಮನೆಯ ಹಿರಿಯರು ಸುರಿಯುವ ಮೊದಲ ಸೇರು ಅದು. ನನ್ನ ಕೈ ನಡುಗಿತು. ಹಣ್ಣು ಇನ್ನೂ ಚೆನ್ನಾಗಿ ಉದುರಿದವು.

ಆ ಉಬ್ಬಿನಲ್ಲಿ ನಮ್ಮ ಕಡೆ ಇದು ಕರಿಯ ದಿನವೇ ಆಗಬೇಕು, ಸಂಜೆಯೇ ಆಗಬೇಕು, ಅದೇ ಸರಿಯಾದ ಪದ್ಧತಿ ಎಂದು ದೊಡ್ಡ ಭಾಷಣ ಮಾಡಿದೆ. ವಿಮಲಾಬಾಯಿ ಗೌರವದಿಂದ ಕೇಳಿ, ಮಗಳ ಕೂಸಿಗೆ ಬರುವ ವರ್ಷ ಹಾಗೆಯೇ ಮಾಡೋಣ, ಕುಕಿಯೂ ನಿಮ್ಮದೇ, ಮೊದಲ ಸೇರೂ ನಿಮ್ಮದೇ, ಶಬ್ದ ಕೊಡಿ ಎಂದರು. ಕೊಟ್ಟೆ.

ಮನೆಗೆ ಬರುವಷ್ಟರಲ್ಲಿ ಪೂರ್ವಾ ಕಳಿಸಿದ ಫೋಟೋ ನೋಡಿ ಊರಿನಿಂದ ನನ್ನ ತಂಗಿ ಗಂಗವ್ವನ ಫೋನು. "ಅಕ್ಕಾ, ಇಚಲಕರಂಜಿ ಬಿಸ್ಕೀಟ ಭಾಳ ಚಂದ ಐತಿ. ಮಂದಿ ಕೂಸಿಗೆ ಎರದಿ, ನಮ್ಮ ಮರಿಮೊಮ್ಮಗ ಏನ್ ಪಾಪ ಮಾಡೇತಿ? ಮುಂದಿನ ಕರಿಗೆ ನೀನ ಬಂದು ಎರೀಬೇಕ. ಮಾತ ಕೊಡ." ಅವಳ ದನಿ ಕೇಳಿ ಹಿಂದುಮುಂದು ನೋಡದೆ, "ಬರತೇನವಾ, ನನ್ನ ಮಾತು" ಎಂದೆ. ಫೋನು ಇಟ್ಟ ಮೇಲೆ ಹೊಳೆಯಿತು, ಎರಡೂ ಮಾತು ಅದೇ ಕರಿಯ ದಿನಕ್ಕೆ, ಅದೇ ಸಂಜೆಗೆ.

ಎರಡು ಬಸ್ಸಿನ ವೇಳೆಯನ್ನೂ ಪೂರ್ವಾಳಿಂದ ಹುಡುಕಿಸಿದ್ದೇನೆ. ಹೇಗೆ ಕೂಡಿಸಿದರೂ ಒಂದು ಸಂಜೆಯಲ್ಲಿ ಎರಡು ಕೂಸು ಬರುವುದಿಲ್ಲ. ಸವಿತಾಗೆ ಇನ್ನೂ ಹೇಳಿಲ್ಲ, ಗಂಗವ್ವಗಂತೂ ಇಲ್ಲವೇ ಇಲ್ಲ, ನಿಮಗೇ ಮೊದಲು ಹೇಳುತ್ತಿರುವುದು. ಒಂದು ಮಾತಿಗೂ ಜಾಗವಿಲ್ಲ ಎಂದು ಸಕ್ಕರೆ ಪುಡಿಯಲ್ಲಿ ಅತ್ತವಳಿಗೆ ಈಗ ಎರಡೂ ಊರಲ್ಲಿ ಮಾತು ಇದೆ. ಮೈ ಒಂದೇ.